ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಿದ್ದಕ್ಕೆ ದಂಡ ಬಿತ್ತಾ? ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ಸಂತೆ ದಿನ, ಬೆಳಗ್ಗೆ ಹನ್ನೊಂದು ಗಂಟೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಕಾಲಿಡೋಕೂ ಜಾಗ ಇಲ್ಲ. ಅಂಗಡಿಗೆ ಸಾಮಾನು ತಂದ ಗಾಡಿಯ ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದ್ದೀರಿ. ನಾಲ್ಕು ಮೂಟೆ ಇಳಿಸೋ ಅಷ್ಟರಲ್ಲಿ ಪೊಲೀಸರು ಬಂದು ಫೋಟೊ ತೆಗೆದುಕೊಂಡು ಹೋಗಿರುತ್ತಾರೆ. ಸಂಜೆ ಗಲ್ಲಾಪೆಟ್ಟಿಗೆ ಲೆಕ್ಕ ಹಾಕುವಾಗ ಮೊಬೈಲ್‌ಗೆ ಮೆಸೇಜ್ ಬರುತ್ತೆ: ನಿಮ್ಮ ವಾಹನಕ್ಕೆ ದಂಡ.

ಆಮೇಲೆ ನಮ್ಮೂರುಗಳಲ್ಲಿ ಸಾಮಾನ್ಯವಾಗಿ ನಡೆಯೋದು ಮೂರೇ. ಒಂದು, ಬೈದುಕೊಂಡು ಕಟ್ಟೋದು. ಎರಡು, 'ಮುಂದೆ ಯಾವಾಗಲಾದರೂ ಅರ್ಧ ದಂಡ ಮಾಡ್ತಾರೆ, ಆಗ ನೋಡೋಣ' ಅಂತ ಬಿಟ್ಟುಬಿಡೋದು. ಮೂರು, ಪರಿಚಯದ ಪುಢಾರಿಗೆ ಫೋನ್ ಮಾಡೋದು. ದಂಡ ತಪ್ಪಾಗಿ ಬಿದ್ದಿದ್ದರೆ ಕಾನೂನಿನಲ್ಲೇ ಇರುವ ದಾರಿಯೊಂದಿದೆ. ಬರಹದಲ್ಲಿ ಆಕ್ಷೇಪಣೆ ಕೊಡೋದು, ಬೇಕಾದರೆ ನ್ಯಾಯಾಲಯದಲ್ಲಿ ಕೇಳಿಕೊಳ್ಳೋದು. ಯಾವಾಗ ಈ ದಾರಿ ಹಿಡಿಯಬೇಕು, ಯಾವಾಗ ಸುಮ್ಮನೆ ಕಟ್ಟಿಬಿಡೋದು ಲೇಸು ಅನ್ನೋದನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲ ಪ್ರಶ್ನೆ: ದಂಡ ಹಾಕಿದ್ದು ಯಾರು?

'ಪುರಸಭೆಯವರು ದಂಡ ಹಾಕಿದರು' ಅಂತ ಎಷ್ಟೋ ಜನ ಹೇಳುತ್ತಾರೆ. ಚೀಟಿ ತೆಗೆದು ನೋಡಿದರೆ ಅದು ಪೊಲೀಸರದ್ದಾಗಿರುತ್ತೆ. ಈ ಎರಡೂ ಬೇರೆ ಬೇರೆ.

ವಾಹನ ನಿಲುಗಡೆ ತಪ್ಪಿಗೆ ಮೋಟಾರು ವಾಹನ ಕಾಯ್ದೆ 1988ರ ಕೆಳಗೆ ಚಲನ್ ಹಾಕೋದು ಪೊಲೀಸರು. ಸಂಚಾರ ಠಾಣೆ ಇರುವ ಊರಲ್ಲಿ ಸಂಚಾರ ಪೊಲೀಸರು, ಇಲ್ಲದ ತಾಲ್ಲೂಕುಗಳಲ್ಲಿ ಪಟ್ಟಣ ಠಾಣೆಯವರೇ ಈ ಕೆಲಸ ಮಾಡುತ್ತಾರೆ. ಪುರಸಭೆ, ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯವರು ಸಾಮಾನ್ಯವಾಗಿ ಬರೋದು ಫುಟ್‌ಪಾತ್ ಒತ್ತುವರಿಗೆ. ಅಂದರೆ ಅಂಗಡಿ ಮುಂದೆ ಇಟ್ಟ ಸಾಮಾನು, ಬೋರ್ಡು, ತಗಡಿನ ಮಾಡು, ಮೆಟ್ಟಿಲು, ಇಳಿಜಾರು ಇಂಥವಕ್ಕೆ. ಅವರ ನೋಟಿಸ್‌ಗೆ ಉತ್ತರ ಕೊಡಬೇಕಾದ್ದು ಮುಖ್ಯಾಧಿಕಾರಿಗೆ ಅಥವಾ ಪೌರಾಯುಕ್ತರಿಗೆ. ಪೊಲೀಸ್ ಚಲನ್‌ಗೆ ಪುರಸಭೆಯಲ್ಲಿ ಅರ್ಜಿ ಕೊಟ್ಟರೆ ಟಪಾಲಿನಲ್ಲೇ ಉಳಿದುಹೋಗುತ್ತೆ, ಅಷ್ಟರಲ್ಲಿ ಗಡುವು ಮುಗಿದಿರುತ್ತೆ.

ಇನ್ನೊಂದು ವಿಷಯ. ಪಾರ್ಕಿಂಗ್ ಶುಲ್ಕ ವಸೂಲಿಗೆ ಗುತ್ತಿಗೆ ಹಿಡಿದವರ ಹುಡುಗರು ಕೆಲವೊಮ್ಮೆ 'ಇಲ್ಲಿ ನಿಲ್ಲಿಸಿದ್ದಕ್ಕೆ ಫೈನ್' ಅಂತ ಕೇಳುವುದುಂಟು. ಶುಲ್ಕ ಬೇರೆ, ದಂಡ ಬೇರೆ. ಮೋಟಾರು ವಾಹನ ಕಾಯ್ದೆಯ ಕಲಂ 200ರ ಪ್ರಕಾರ ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ ಇರೋದು ಸರ್ಕಾರ ಅಧಿಸೂಚನೆ ಹೊರಡಿಸಿ ನೇಮಿಸಿದ ಅಧಿಕಾರಿಗಳಿಗೆ ಮಾತ್ರ. ಆದ್ದರಿಂದ ಯಾರೇ ದುಡ್ಡು ಕೇಳಲಿ, ರಸೀದಿ ಕೇಳಿ. ರಸೀದಿ ಇಲ್ಲದೆ ಕೊಟ್ಟ ಹಣಕ್ಕೆ ಲೆಕ್ಕವೂ ಇಲ್ಲ, ಆಕ್ಷೇಪಣೆಯೂ ಇಲ್ಲ.

ಕಾನೂನು ಏನು ಹೇಳುತ್ತೆ?

ಚಲನ್‌ನಲ್ಲಿ ಒಂದು ಕಲಂ ನಂಬರ್ ಇರುತ್ತೆ. ಅದನ್ನು ಮೊದಲು ನೋಡಿ. ಫುಟ್‌ಪಾತ್ ನಿಲುಗಡೆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರೋದು ಇವು:

• ಕಲಂ 122: ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ವಿಪರೀತ ತೊಂದರೆ ಆಗುವ ರೀತಿ ವಾಹನ ನಿಲ್ಲಿಸಬಾರದು.

• ಕಲಂ 177: ಬೇರೆ ಶಿಕ್ಷೆ ಹೇಳಿರದ ತಪ್ಪುಗಳಿಗೆ ಅನ್ವಯ ಆಗುವ ಸಾಮಾನ್ಯ ಕಲಂ. 2019ರ ತಿದ್ದುಪಡಿ ನಂತರ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡ.

• ಕಲಂ 177ಎ: ಕಲಂ 118ರ ಕೆಳಗೆ ಮಾಡಿದ ಚಾಲನಾ ನಿಯಮಗಳನ್ನು ಮುರಿದರೆ 500ರಿಂದ 1,000 ರೂಪಾಯಿ.

• ಕಲಂ 201: ಸಂಚಾರಕ್ಕೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸಿದರೆ 500 ರೂಪಾಯಿವರೆಗೆ.

ಕಲಂ 118ರ ಕೆಳಗೆ 2017ರಲ್ಲಿ ಕೇಂದ್ರ ಸರ್ಕಾರ ಹೊಸ ಚಾಲನಾ ನಿಯಮಗಳನ್ನು ತಂದಿತು. ಫುಟ್‌ಪಾತ್ ಮೇಲೆ, ಪಾದಚಾರಿಗಳು ರಸ್ತೆ ದಾಟುವ ಪಟ್ಟೆ ಮೇಲೆ ವಾಹನ ನಿಲ್ಲಿಸಬಾರದು ಅಂತ ಅದರಲ್ಲಿ ನೇರವಾಗಿಯೇ ಇದೆ. ಅದಕ್ಕೂ ಮುಂಚಿನ 1989ರ ನಿಯಮಗಳಲ್ಲೂ ಫುಟ್‌ಪಾತ್ ನಿಲುಗಡೆ ನಿಷೇಧ ಇತ್ತು. ಅಂದರೆ ಇದು ಮೊನ್ನೆ ಬಂದ ಕಾನೂನಲ್ಲ.

ಇದು ದಂಡ ಮಾತ್ರ ಇರುವ ಅಪರಾಧ, ಜೈಲಿನ ಮಾತಿಲ್ಲ. ಹಾಗಾಗಿ 'ಕೋರ್ಟ್' ಅನ್ನೋ ಪದ ಕೇಳಿದ ಕೂಡಲೇ ಹೆದರಬೇಕಾದ್ದಿಲ್ಲ.

'ನೋ ಪಾರ್ಕಿಂಗ್ ಬೋರ್ಡೇ ಇರಲಿಲ್ಲ' ಅನ್ನೋ ವಾದ

ಠಾಣೆಯಲ್ಲಿ ಅತಿ ಹೆಚ್ಚು ಕೇಳಿಬರೋ ವಾದ ಇದೇ. ಇದು ಒಂದು ಕಡೆ ನಡೆಯುತ್ತೆ, ಇನ್ನೊಂದು ಕಡೆ ನಡೆಯೋದಿಲ್ಲ.

ರಸ್ತೆ ಬದಿಯಲ್ಲಿ, ಡಾಂಬರಿನ ಮೇಲೆ ಗಾಡಿ ನಿಲ್ಲಿಸಿದ್ದೀರಿ, ಚಲನ್‌ನಲ್ಲಿ 'ನೋ ಪಾರ್ಕಿಂಗ್' ಅಂತ ಬರೆದಿದ್ದಾರೆ ಅಂದುಕೊಳ್ಳಿ. ಆಗ ಆ ಜಾಗವನ್ನು ನಿಷೇಧಿತ ಅಂತ ಘೋಷಿಸಿರಬೇಕು, ಫಲಕವೂ ಇರಬೇಕು. ಜಿಲ್ಲೆಗಳಲ್ಲಿ ಇಂಥ ಆದೇಶವನ್ನು ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಯಾಗಿ ಹೊರಡಿಸುತ್ತಾರೆ. ಆ ಆದೇಶಗಳಲ್ಲಿ ಕಾಯ್ದೆಯ ಕಲಂ 115, 116, 117 ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221ಎ(5) ಅಂತ ನಮೂದಾಗಿರುತ್ತೆ. ಅಂಥ ಆದೇಶವೇ ಇಲ್ಲ, ಬೋರ್ಡೂ ಇಲ್ಲ ಅಂದರೆ ನಿಮ್ಮ ವಾದಕ್ಕೆ ತೂಕ ಇದೆ.

ಫುಟ್‌ಪಾತ್ ವಿಷಯದಲ್ಲಿ ಹಾಗಲ್ಲ. ಅಲ್ಲಿ ನಿಲ್ಲಿಸಬಾರದು ಅಂತ ನಿಯಮವೇ ಹೇಳಿರೋದರಿಂದ ಪ್ರತಿ ಫುಟ್‌ಪಾತಿಗೂ ಬೋರ್ಡ್ ಹಾಕಬೇಕಾಗಿಲ್ಲ. ಚಕ್ರ ಫುಟ್‌ಪಾತ್ ಮೇಲಿರೋ ಫೋಟೊ ಪೊಲೀಸರ ಹತ್ತಿರ ಇದ್ದರೆ 'ಬೋರ್ಡ್ ಇರಲಿಲ್ಲ ಸಾರ್' ಅನ್ನೋದು ನಿಲ್ಲೋದಿಲ್ಲ.

ಚರಂಡಿ ಚಪ್ಪಡಿ, ಅಂಗಡಿ ಮುಂದಿನ ಜಾಗ: ಜಗಳ ಇರೋದು ಇಲ್ಲೇ

ದೊಡ್ಡ ಊರಿನ ಹಾಗೆ ಟೈಲ್ಸ್ ಹಾಕಿದ, ಅಂಚು ಕಟ್ಟಿದ ಫುಟ್‌ಪಾತ್ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಕಡಿಮೆ. ಇಲ್ಲಿ ಫುಟ್‌ಪಾತ್ ಅಂದರೆ ಹೆಚ್ಚಾಗಿ ಚರಂಡಿ ಮೇಲೆ ಹಾಸಿದ ಕಲ್ಲು ಚಪ್ಪಡಿ ಅಥವಾ ಕಾಂಕ್ರೀಟ್ ಸ್ಲ್ಯಾಬ್. ಅದರ ಆಚೆ ಅಂಗಡಿಯ ಶಟರ್‌ವರೆಗೆ ನಾಲ್ಕೈದು ಅಡಿ ಜಾಗ ಇರುತ್ತೆ. ಅದು ಯಾರದ್ದು ಅನ್ನೋದೇ ಬಹಳ ಸಲ ತಕರಾರು.

ಚರಂಡಿ ಮತ್ತು ಅದರ ಮೇಲಿನ ಚಪ್ಪಡಿ ಸ್ಥಳೀಯ ಸಂಸ್ಥೆಯದ್ದು ಅಥವಾ ರಸ್ತೆ ಯಾವ ಇಲಾಖೆಯದ್ದೋ ಅವರದ್ದು. ಚಪ್ಪಡಿಯನ್ನು ನೀವೇ ದುಡ್ಡು ಕೊಟ್ಟು ಹಾಕಿಸಿದ್ದರೂ ಅದು ನಿಮ್ಮ ಆಸ್ತಿ ಆಗೋದಿಲ್ಲ. ಕಾಯ್ದೆಯ ಕಲಂ 2(34)ರಲ್ಲಿ 'ಸಾರ್ವಜನಿಕ ಸ್ಥಳ' ಅಂದರೆ ಜನರಿಗೆ ಹೋಗಿ ಬರುವ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರೆ ಯಾವುದೇ ಜಾಗ ಅಂತ ಹೇಳಿದೆ. ಜನ ಚಪ್ಪಡಿ ಮೇಲೆ ಓಡಾಡುತ್ತಾರೆ ಅಂದರೆ ಅದು ಫುಟ್‌ಪಾತ್ ಅಂತಲೇ ಲೆಕ್ಕಕ್ಕೆ ಬರುವ ಸಾಧ್ಯತೆ ಹೆಚ್ಚು.

ಆದರೆ ಚಪ್ಪಡಿಯಿಂದ ಒಳಗೆ, ನಿಮ್ಮ ಖಾತೆಯ ಅಳತೆಯೊಳಗೆ, ಕಟ್ಟಡ ಕಟ್ಟುವಾಗ ಬಿಟ್ಟ ಜಾಗದಲ್ಲಿ ಗಾಡಿ ನಿಂತಿತ್ತು ಅಂದರೆ ವಿಷಯ ಬೇರೆ. ಅದು ನಿಮ್ಮ ಜಾಗ. ಅಲ್ಲಿ ನಿಂತ ಗಾಡಿಗೆ ಫುಟ್‌ಪಾತ್ ನಿಲುಗಡೆ ಅಂತ ದಂಡ ಬಿದ್ದಿದ್ದರೆ ಖಂಡಿತ ಪ್ರಶ್ನೆ ಮಾಡಬಹುದು. ಅದಕ್ಕೆ ಬೇಕಾದ ದಾಖಲೆ: ಖಾತಾ ಪ್ರತಿ, ಕಟ್ಟಡ ಪರವಾನಗಿಯ ಜೊತೆ ಬಂದ ನಕ್ಷೆ, ಜಾಗದ ಫೋಟೊ. ಫೋಟೊದಲ್ಲಿ ಶಟರ್, ಚಪ್ಪಡಿ, ಗಾಡಿ ಮೂರೂ ಒಟ್ಟಿಗೆ ಕಾಣಬೇಕು. ಟೇಪ್ ಹಿಡಿದು ಅಳತೆ ತೋರಿಸೋ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಬಾಡಿಗೆ ಅಂಗಡಿಯಾದರೆ ನಕ್ಷೆಯ ಪ್ರತಿಯನ್ನು ಕಟ್ಟಡದ ಮಾಲೀಕರಿಂದ ಪಡೆಯಬೇಕು.

ಗಾಡಿಯ ಅರ್ಧ ನಿಮ್ಮ ಜಾಗದಲ್ಲಿದ್ದು ಹಿಂದಿನ ಅರ್ಧ ಚಪ್ಪಡಿ ಮೇಲೆ ಚಾಚಿಕೊಂಡಿದ್ದರೆ? ಆಗ ಈ ವಾದ ಉಪಯೋಗಕ್ಕೆ ಬರೋದಿಲ್ಲ. ನಡೆಯುವವರಿಗೆ ಅಡ್ಡಿ ಆಗೋದು ಆ ಅರ್ಧದಿಂದಲೇ.

ಯಾವ ಕಾರಣ ನಿಲ್ಲುತ್ತೆ, ಯಾವುದು ನಿಲ್ಲೋದಿಲ್ಲ

ಆಕ್ಷೇಪಣೆಗೆ ಬಲ ಇರುವ ಕಾರಣಗಳು:

• ಗಾಡಿ ನಿಮ್ಮದೇ ಅಲ್ಲ. ನಂಬರ್ ತಪ್ಪಾಗಿ ಟೈಪ್ ಆಗಿದೆ ಅಥವಾ ನಿಮ್ಮ ನಂಬರನ್ನು ಬೇರೆ ಯಾರೋ ಹಾಕಿಕೊಂಡು ಓಡಾಡುತ್ತಿದ್ದಾರೆ. ಚಲನ್ ಫೋಟೊದಲ್ಲಿ ಗಾಡಿಯ ಬಣ್ಣ, ಕಂಪನಿ, ಮಾಡೆಲ್ ನಿಮ್ಮ ಆರ್‌ಸಿಗೆ ಹೊಂದುತ್ತಾ ನೋಡಿ.

• ಆ ಸಮಯದಲ್ಲಿ ಗಾಡಿ ಅಲ್ಲಿ ಇರಲೇ ಇಲ್ಲ. ಟೋಲ್‌ನ ಫಾಸ್ಟ್ಯಾಗ್ ಮೆಸೇಜ್, ಪೆಟ್ರೋಲ್ ಬಂಕ್ ಬಿಲ್, ಗ್ಯಾರೇಜಿನ ಬಿಲ್, ಸಿಸಿಟಿವಿ ಇವೆಲ್ಲ ಸಾಕ್ಷಿ ಆಗುತ್ತವೆ.

• ಫೋಟೊದಲ್ಲಿ ನಂಬರ್ ಪ್ಲೇಟ್ ಮಾತ್ರ ಇದೆ. ಚಕ್ರ ಎಲ್ಲಿದೆ, ಫುಟ್‌ಪಾತ್ ಎಲ್ಲಿದೆ ಅನ್ನೋದು ಕಾಣೋದೇ ಇಲ್ಲ.

• ಜಾಗ ನಿಮ್ಮ ಖಾಸಗಿ ಜಾಗ (ಮೇಲೆ ಹೇಳಿದ ದಾಖಲೆಗಳೊಂದಿಗೆ).

• ಗಾಡಿ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬಿಲ್, ಅವರಿಗೆ ಮಾಡಿದ ಕರೆಯ ವಿವರ ಇದ್ದರೆ ಜೋಡಿಸಿ.

• ಗಾಡಿ ಮಾರಿಯಾಗಿದೆ ಅಥವಾ ಕಳುವಾಗಿತ್ತು. ಮಾರಾಟದ ಕಾಗದ, ಆರ್‌ಟಿಒಗೆ ತಿಳಿಸಿದ ದಾಖಲೆ ಅಥವಾ ಎಫ್‌ಐಆರ್ ಪ್ರತಿ ಬೇಕು. ರಾಜ್ಯದೊಳಗೆ ಗಾಡಿ ಮಾರಿದರೆ 14 ದಿನದೊಳಗೆ ಮಾರಿದವರೂ ಆರ್‌ಟಿಒಗೆ ತಿಳಿಸಬೇಕು ಅಂತ ಕಲಂ 50 ಹೇಳುತ್ತೆ. ತಿಳಿಸದಿದ್ದರೆ ಚಲನ್ ಹಳೇ ಮಾಲೀಕರ ಮೊಬೈಲಿಗೇ ಬರುತ್ತಾ ಇರುತ್ತೆ.

• ಕಂಬದ ಮೇಲಿನ ಕ್ಯಾಮೆರಾ ಹಿಡಿದ ಪ್ರಕರಣ, ಆದರೆ ನೋಟಿಸ್ ಬಹಳ ತಡವಾಗಿ ಬಂದಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ ಎಲೆಕ್ಟ್ರಾನಿಕ್ ಸಾಧನದಿಂದ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ ಸೇರಿತು. ತಡ ಆಗಿದ್ದರೆ ದಿನಾಂಕ ಸಮೇತ ಬರೆಯಿರಿ.

ಬಲ ಇಲ್ಲದ ಕಾರಣಗಳು:

• 'ಎಲ್ಲರೂ ಅಲ್ಲೇ ನಿಲ್ಲಿಸ್ತಾರೆ, ನನಗೊಬ್ಬನಿಗೇ ಯಾಕೆ?' ಬೇಜಾರು ನ್ಯಾಯವೇ. ಆದರೆ ಪಕ್ಕದವರ ತಪ್ಪು ನಮ್ಮ ತಪ್ಪನ್ನು ಅಳಿಸೋದಿಲ್ಲ.

• 'ಐದೇ ನಿಮಿಷ.' ಫುಟ್‌ಪಾತ್ ಮೇಲೆ ಇಷ್ಟು ನಿಮಿಷ ನಿಲ್ಲಿಸಬಹುದು ಅನ್ನೋ ವಿನಾಯಿತಿ ಇಲ್ಲ.

• 'ಲೋಡ್ ಇಳಿಸ್ತಾ ಇದ್ದೆ.' ಫುಟ್‌ಪಾತ್ ಮಟ್ಟಿಗೆ ಇದೂ ಹಾಗೇ.

• 'ನನ್ನ ಅಂಗಡಿ ಮುಂದೆ ತಾನೇ.' ಶಟರ್ ಒಳಗಿನ ಜಾಗಕ್ಕೆ ನೀವು ಬಾಡಿಗೆ ಅಥವಾ ತೆರಿಗೆ ಕಟ್ಟುತ್ತೀರಿ. ಮುಂದಿನ ಫುಟ್‌ಪಾತ್ ಅದರಲ್ಲಿ ಬರೋದಿಲ್ಲ.

ಆಸ್ಪತ್ರೆ ತುರ್ತು ಇದ್ದರೆ ಅದು ಇವೆರಡರ ನಡುವೆ ಬರುತ್ತೆ. ತಪ್ಪೇ ಆಗಿಲ್ಲ ಅಂತ ಹೇಳೋಕೆ ಬರೋದಿಲ್ಲ. ಆದರೂ ಆಸ್ಪತ್ರೆ ಚೀಟಿ ಜೋಡಿಸಿ ಪರಿಸ್ಥಿತಿ ಹೇಳಿಕೊಂಡರೆ ಅಧಿಕಾರಿಯಾಗಲಿ ನ್ಯಾಯಾಲಯವಾಗಲಿ ಪರಿಗಣಿಸಬಹುದು.

ಕಟ್ಟಿದರೆ ಮುಗಿಯಿತು, ಆದರೆ ಪೂರ್ತಿ ಮುಗಿಯೋದಿಲ್ಲ

ದಂಡ ಕಟ್ಟಿದ ಮೇಲೆ ಆ ಪ್ರಕರಣದಲ್ಲಿ ಮುಂದಿನ ಕ್ರಮ ಇಲ್ಲ. ಕಟ್ಟಿ ಆಮೇಲೆ 'ತಪ್ಪಾಗಿ ಹಾಕಿದ್ದರು, ವಾಪಸ್ ಕೊಡಿ' ಅಂತ ಹೋದರೆ ದಾರಿ ಬಹಳ ಕಷ್ಟ. ಹಾಗಾಗಿ ಆಕ್ಷೇಪಣೆ ಇದ್ದರೆ ಕಟ್ಟೋ ಮುಂಚೆಯೇ ಕೊಡಬೇಕು.

ಇದಕ್ಕಿಂತ ಮುಖ್ಯವಾದ್ದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2019ರ ತಿದ್ದುಪಡಿಯಲ್ಲಿ ಕಲಂ 200ಕ್ಕೆ ಒಂದು ಸಾಲು ಸೇರಿತು. ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡರೂ, ಮುಂದೆ ಅದೇ ತಪ್ಪು ಮತ್ತೆ ಆದಾಗ ಹಿಂದಿನದನ್ನು ಮೊದಲ ಸಲದ ತಪ್ಪು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಲಂ 177ರಲ್ಲಿ ಮೊದಲ ಸಲಕ್ಕೂ ಎರಡನೇ ಸಲಕ್ಕೂ ದಂಡದ ಮಿತಿ ಮೂರು ಪಟ್ಟು ಜಾಸ್ತಿ ಅನ್ನೋದು ನೆನಪಿರಲಿ. ದಿನಾ ಸಾಮಾನು ಸಾಗಿಸೋ ಗಾಡಿ ಇಟ್ಟುಕೊಂಡವರು ತಪ್ಪಾಗಿ ಬಿದ್ದ ಚಲನ್ ಅನ್ನು 'ಹೋಗಲಿ ಬಿಡು' ಅಂತ ಕಟ್ಟುವ ಮುಂಚೆ ಇದನ್ನು ಯೋಚಿಸಬೇಕು.

ಹಾಗಂತ ಸುಮ್ಮನೆ ಬಿಡೋದೂ ಸರಿಯಲ್ಲ. ಬಾಕಿ ಚಲನ್ ಇದ್ದರೆ ಗಾಡಿ ಮಾರುವಾಗ, ಆರ್‌ಟಿಒ ಕೆಲಸಕ್ಕೆ ಹೋದಾಗ ಅಡ್ಡ ಬರಬಹುದು. ದಂಡ ಮಾತ್ರ ಇರುವ ಅಪರಾಧಕ್ಕೆ ಆರು ತಿಂಗಳೊಳಗೆ ನ್ಯಾಯಾಲಯ ಪ್ರಕರಣ ಪರಿಗಣನೆಗೆ ತೆಗೆದುಕೊಳ್ಳಬೇಕು ಅಂತ ಬಿಎನ್‌ಎಸ್‌ಎಸ್ ಕಲಂ 514ರಲ್ಲಿ ಇದೆ, ನಿಜ. ಅದನ್ನು ಕೇಳಿ 'ಆರು ತಿಂಗಳಾದ್ರೆ ಚಲನ್ ತಾನಾಗೇ ಹೋಗುತ್ತೆ' ಅಂತ ತಿಳಿಯಬೇಡಿ. ಅದು ನ್ಯಾಯಾಲಯದ ಮುಂದೆ ಎತ್ತಬೇಕಾದ ವಾದ. ಕಂಪ್ಯೂಟರಿನಲ್ಲಿರೋ ಬಾಕಿ ತಾನಾಗಿ ಅಳಿಸಿಹೋಗೋದಿಲ್ಲ.

ಅರ್ಧ ದಂಡದ ವಿನಾಯಿತಿ ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿ ಬಂದಿತ್ತು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಇತ್ತು. ಇಂಥ ವಿನಾಯಿತಿಗೆ ಪ್ರತಿ ಸಲವೂ ಸರ್ಕಾರದ ಪ್ರತ್ಯೇಕ ಆದೇಶ ಬೇಕು. ಅದನ್ನೇ ನಂಬಿ ಕೂರೋ ಹಾಗಿಲ್ಲ.

ಹಂತ ಹಂತವಾಗಿ ಏನು ಮಾಡಬೇಕು?

1. ಅದೇ ಗಂಟೆಯಲ್ಲಿ ಫೋಟೊ. ಗಾಡಿ ಇನ್ನೂ ಅಲ್ಲೇ ಇದ್ದರೆ ತೆಗೆಯುವ ಮುಂಚೆ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಗಾಡಿ ಅಡ್ಡಿ ಆಗ್ತಾ ಇದ್ದರೆ ಬೇಗ ತೆಗೆದು ಪಕ್ಕಕ್ಕೆ ಹಾಕಿ. ಅಂಗಡಿ ಅಥವಾ ಎದುರಿನ ಅಂಗಡಿಯ ಸಿಸಿಟಿವಿಯಲ್ಲಿ ಇದ್ದರೆ ಅವತ್ತೇ ಕಾಪಿ ಮಾಡಿಸಿ. ಕೆಲವೇ ದಿನದಲ್ಲಿ ಅದರ ಮೇಲೆ ಹೊಸ ರೆಕಾರ್ಡಿಂಗ್ ಬಂದು ಹಳೆಯದು ಹೋಗುತ್ತೆ.

2. ಚಲನ್ ಪೂರ್ತಿ ಓದಿ. ಪರಿವಾಹನ್‌ನ ಇ-ಚಲನ್ ತಾಣದಲ್ಲಿ ಚಲನ್ ನಂಬರ್ ಅಥವಾ ಗಾಡಿ ನಂಬರ್ ಹಾಕಿದರೆ ವಿವರ ಸಿಗುತ್ತೆ. ದಿನಾಂಕ, ಸಮಯ, ಸ್ಥಳ, ಕಲಂ, ಮೊತ್ತ, ಫೋಟೊ, ಕಟ್ಟಲು ಕೊನೆ ದಿನ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಆಕ್ಷೇಪಣೆಗೆ ಎಷ್ಟು ದಿನ ಅನ್ನೋದಕ್ಕೆ ಚಲನ್‌ನಲ್ಲಿರುವ ದಿನಾಂಕವನ್ನೇ ನಂಬಿ. ಬೇರೆಯವರು ಹೇಳಿದ ಲೆಕ್ಕ ಬೇಡ.

3. ಠಾಣೆಗೆ ಬರಹದಲ್ಲಿ ಅರ್ಜಿ. ಚಲನ್ ಹಾಕಿದ ಠಾಣೆಯ ಅಧಿಕಾರಿಗೆ ಎರಡು ಪ್ರತಿ ಮಾಡಿ ಕೊಡಿ. ಒಂದರ ಮೇಲೆ ಸೀಲು, ಸಹಿ, ದಿನಾಂಕದೊಂದಿಗೆ ಸ್ವೀಕೃತಿ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇ-ಚಲನ್ ತಾಣದಲ್ಲೂ ದೂರು ದಾಖಲಿಸುವ ಅವಕಾಶ ಇದೆ. ಎರಡೂ ಕಡೆ ಕೊಟ್ಟರೆ ನಷ್ಟ ಇಲ್ಲ.

4. ಉತ್ತರ ಬರದಿದ್ದರೆ. ಡಿವೈಎಸ್‌ಪಿ ಅಥವಾ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಮೊದಲ ಅರ್ಜಿಯ ಪ್ರತಿ ಜೋಡಿಸಿ ಬರೆಯಿರಿ.

5. ದಾಖಲೆ ಬೇಕಾದರೆ ಆರ್‌ಟಿಐ. ನೋ ಪಾರ್ಕಿಂಗ್ ಆದೇಶದ ಪ್ರತಿ, ರಸ್ತೆ ಅಳತೆಯ ನಕ್ಷೆ ಇಂಥವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉತ್ತರ ಬರುವಷ್ಟರಲ್ಲಿ ಚಲನ್ ಗಡುವು ಮುಗಿಯಬಹುದು, ಆದ್ದರಿಂದ ಆಕ್ಷೇಪಣೆ ಮೊದಲು, ಆರ್‌ಟಿಐ ಆಮೇಲೆ.

ಅರ್ಜಿ ಹೀಗಿರಲಿ

ಉದ್ದ ಬರೆಯಬೇಡಿ. ಕೋಪ ಬೇಡ, ಪೊಲೀಸರ ಮೇಲೆ ಆರೋಪ ಬೇಡ. ನಡೆದದ್ದು, ದಾಖಲೆ, ಕೋರಿಕೆ ಇಷ್ಟೇ ಸಾಕು. ಈ ಮಾದರಿ ನೋಡಿ:

ಇವರಿಗೆ,
ಠಾಣಾಧಿಕಾರಿಗಳು,
(ಠಾಣೆಯ ಹೆಸರು, ಊರು)

ವಿಷಯ: ದಿನಾಂಕ ........ ರ ಚಲನ್ ಸಂಖ್ಯೆ ........ ಬಗ್ಗೆ ಆಕ್ಷೇಪಣೆ.

ಮಾನ್ಯರೇ,

ನನ್ನ ವಾಹನ ಸಂಖ್ಯೆ ........ ದಿನಾಂಕ ........ ರಂದು ........ ಗಂಟೆಗೆ ........ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ನಿಂತಿತ್ತು ಎಂದು ಮೇಲ್ಕಂಡ ಚಲನ್ ನೀಡಲಾಗಿದೆ. ಆ ಸಮಯದಲ್ಲಿ ವಾಹನವು ನನ್ನ ಅಂಗಡಿಯ ಖಾತಾ ಸಂಖ್ಯೆ ........ ರ ಅಳತೆಯೊಳಗಿನ ಜಾಗದಲ್ಲಿ ನಿಂತಿತ್ತು. ವಾಹನದ ಯಾವ ಭಾಗವೂ ಫುಟ್‌ಪಾತ್ ಮೇಲೆ ಇರಲಿಲ್ಲ. ಇದಕ್ಕೆ ಖಾತಾ ಪ್ರತಿ, ಕಟ್ಟಡ ನಕ್ಷೆಯ ಪ್ರತಿ ಹಾಗೂ ಅದೇ ದಿನ ತೆಗೆದ 3 ಫೋಟೊಗಳನ್ನು ಲಗತ್ತಿಸಿದ್ದೇನೆ.

ಆದ್ದರಿಂದ ಚಲನ್‌ಗೆ ಆಧಾರವಾದ ಫೋಟೊವನ್ನು ಪರಿಶೀಲಿಸಿ, ಚಲನ್ ರದ್ದುಪಡಿಸಬೇಕೆಂದು ಕೋರುತ್ತೇನೆ. ರದ್ದುಪಡಿಸಲು ಸಾಧ್ಯವಿಲ್ಲವಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
(ಹೆಸರು, ವಿಳಾಸ, ಮೊಬೈಲ್, ಸಹಿ)

ನಿಮ್ಮ ಕಾರಣ ಬೇರೆ ಇದ್ದರೆ ನಡುವಿನ ಭಾಗ ಬದಲಾಯಿಸಿಕೊಳ್ಳಿ. ಇಲ್ಲದ್ದನ್ನು ಬರೆಯಬೇಡಿ. ಇದೇ ಅರ್ಜಿ ನಾಳೆ ನ್ಯಾಯಾಲಯದಲ್ಲೂ ನಿಮ್ಮ ಮಾತಾಗುತ್ತೆ.

ನ್ಯಾಯಾಲಯಕ್ಕೆ ಹೋಗೋದಾದರೆ

ಸ್ಥಳದಲ್ಲಿ ದಂಡ ಕಟ್ಟೋದು ಒಂದು ಅವಕಾಶ, ಒತ್ತಾಯ ಅಲ್ಲ. 'ನಾನು ಕಟ್ಟೋದಿಲ್ಲ, ನ್ಯಾಯಾಲಯದಲ್ಲಿ ಹೇಳಿಕೊಳ್ಳುತ್ತೇನೆ' ಅಂತ ಸಮಾಧಾನವಾಗಿ ಹೇಳಬಹುದು. ಆಗ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತೆ, ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಜೆಎಂಎಫ್‌ಸಿ ನ್ಯಾಯಾಲಯ. ಸಮನ್ಸ್ ಬಂದ ದಿನ ತಪ್ಪಿಸಬೇಡಿ.

ಇಂಥ ಸಣ್ಣ ಪ್ರಕರಣಗಳಿಗೆ ಕಲಂ 208ರಲ್ಲಿ ಸರಳ ವ್ಯವಸ್ಥೆ ಇದೆ. ವಕೀಲರ ಮೂಲಕ ಹಾಜರಾಗಲು, ಅಥವಾ ತಪ್ಪು ಒಪ್ಪಿಕೊಂಡು ಸಮನ್ಸ್‌ನಲ್ಲಿ ಹೇಳಿದ ಮೊತ್ತ ಕಳಿಸಲು ನ್ಯಾಯಾಲಯ ಅವಕಾಶ ಕೊಡಬಹುದು. ತಪ್ಪು ಒಪ್ಪದಿದ್ದರೆ ಅದನ್ನು ರುಜುವಾತು ಮಾಡಬೇಕಾದ್ದು ಪೊಲೀಸರ ಕಡೆಯವರು. ಚಲನ್ ವರ್ಚುವಲ್ ಕೋರ್ಟ್‌ಗೆ ಹೋಗಿದ್ದರೆ ಆ ತಾಣದಲ್ಲೇ ದಂಡ ಕಟ್ಟುವ ಆಯ್ಕೆಯೂ ಇರುತ್ತೆ, ಪ್ರಶ್ನಿಸುವ ಆಯ್ಕೆಯೂ ಇರುತ್ತೆ. ಪ್ರಶ್ನಿಸಿದರೆ ಪ್ರಕರಣ ಮಾಮೂಲಿ ನ್ಯಾಯಾಲಯಕ್ಕೆ ವರ್ಗ ಆಗುತ್ತೆ.

ಲೆಕ್ಕಾಚಾರವನ್ನೂ ಮಾಡಿ. 500 ರೂಪಾಯಿ ದಂಡಕ್ಕೆ ಎರಡು ದಿನ ಅಂಗಡಿ ಮುಚ್ಚಿ, ವಕೀಲರ ಫೀಸು ಕೊಟ್ಟರೆ ಗೆದ್ದರೂ ಕೈಯಿಂದ ಹೋಗೋದೇ ಹೆಚ್ಚು. ಠಾಣೆಗೆ ಅರ್ಜಿ ಕೊಡೋದಕ್ಕೆ ಝೆರಾಕ್ಸ್ ಖರ್ಚು ಬಿಟ್ಟರೆ ಏನೂ ಇಲ್ಲ, ಅಷ್ಟು ಪ್ರಯತ್ನ ಎಲ್ಲರೂ ಮಾಡಬಹುದು. ನಂಬರ್ ನಕಲಿ, ಗಾಡಿ ಮಾರಿಯಾಗಿದೆ, ನಿಮ್ಮದೇ ಜಾಗಕ್ಕೆ ಪದೇ ಪದೇ ಚಲನ್ ಬರ್ತಾ ಇದೆ ಅನ್ನೋ ಪ್ರಕರಣಗಳಲ್ಲಿ ಮಾತ್ರ ನ್ಯಾಯಾಲಯದವರೆಗೆ ಹೋಗೋದು ಸಾರ್ಥಕ. ಯಾಕೆಂದರೆ ಅಲ್ಲಿ ಒಂದು ಸಲ ಕಟ್ಟಿದರೆ ಮುಂದೆ ಕಟ್ಟುತ್ತಲೇ ಇರಬೇಕಾಗುತ್ತೆ.

ಮಧ್ಯದ ದಾರಿ ಲೋಕ ಅದಾಲತ್. ಬಾಕಿ ಇರುವ ಸಂಚಾರ ದಂಡದ ಪ್ರಕರಣಗಳನ್ನು ಅಲ್ಲಿ ಮುಗಿಸಿಕೊಳ್ಳಬಹುದು, ಅದರ ತೀರ್ಮಾನದ ಮೇಲೆ ಮೇಲ್ಮನವಿ ಇರೋದಿಲ್ಲ. ವಕೀಲರನ್ನು ಇಡಲು ಅನುಕೂಲ ಇಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ಗಾಡಿ ಎತ್ತಿಕೊಂಡು ಹೋಗಿದ್ದರೆ

ನಿಲುಗಡೆ ನಿಷೇಧ ಇರುವ ಜಾಗದಲ್ಲಿ ನಿಂತ ಅಥವಾ 10 ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಬಿಟ್ಟುಹೋದ ಗಾಡಿಯನ್ನು ತೆಗೆಸಲು, ಚಕ್ರಕ್ಕೆ ಬೀಗ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು ಅಂತ ಕಲಂ 127 ಹೇಳುತ್ತೆ. ಟೋಯಿಂಗ್ ಖರ್ಚು ಮಾಲೀಕರದ್ದು, ದಂಡ ಅದಕ್ಕಿಂತ ಬೇರೆ. ಎರಡಕ್ಕೂ ರಸೀದಿ ಪಡೆಯಿರಿ. ಗಾಡಿ ಬಿಡಿಸಿಕೊಳ್ಳುವಾಗ ಗೀರು, ಮುರಿತ ಇದೆಯಾ ಅಂತ ಅಲ್ಲೇ ನೋಡಿ, ಇದ್ದರೆ ಅಲ್ಲೇ ಫೋಟೊ ತೆಗೆದು ಬರಹದಲ್ಲಿ ತಿಳಿಸಿ. ಮನೆಗೆ ಬಂದು ಹೇಳಿದರೆ ಯಾರೂ ಒಪ್ಪೋದಿಲ್ಲ.

ಎಚ್ಚರ: ನಕಲಿ ಚಲನ್ ಮೆಸೇಜ್

'ನಿಮ್ಮ ಗಾಡಿಗೆ ದಂಡ ಇದೆ, ಈ ಆ್ಯಪ್ ಹಾಕಿಕೊಂಡು ನೋಡಿ' ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದು ಬ್ಯಾಂಕ್ ಖಾತೆಗೆ ಕನ್ನ. ಚಲನ್ ನಿಜವೋ ಸುಳ್ಳೋ ತಿಳಿಯಲು ಪರಿವಾಹನ್ ತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ, ಇಲ್ಲವಾದರೆ ಠಾಣೆಗೆ ಹೋಗಿ ಕೇಳಿ. ಹಣ ಹೋಗಿಯೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಅಂಗಡಿಯವರು ಒಟ್ಟಾಗಿ ಮಾಡಬಹುದಾದ್ದು

ಚಲನ್ ಒಂದೊಂದಾಗಿ ಪ್ರಶ್ನಿಸುತ್ತಾ ಹೋದರೆ ಪೇಟೆಯ ಸಮಸ್ಯೆ ತೀರೋದಿಲ್ಲ. ಸಾಮಾನು ಇಳಿಸೋಕೆ ಜಾಗ ಬೇಕು, ಗಿರಾಕಿ ಬೈಕ್ ನಿಲ್ಲಿಸೋಕೆ ಜಾಗ ಬೇಕು. ಅದು ಇಲ್ಲದ್ದಕ್ಕೇ ಚಕ್ರ ಫುಟ್‌ಪಾತ್ ಹತ್ತುತ್ತೆ. ಕಲಂ 117ರ ಪ್ರಕಾರ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ವಾಹನ ನಿಲುಗಡೆ ಜಾಗ ಗುರುತಿಸುವ ಅಧಿಕಾರ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಇದೆ. ವರ್ತಕರ ಸಂಘದವರು ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಮುಖ್ಯಾಧಿಕಾರಿ ಮೂವರಿಗೂ ಒಂದೇ ಮನವಿ ಕೊಟ್ಟು ಇವನ್ನು ಕೇಳಬಹುದು: ಲೋಡ್ ಇಳಿಸಲು ಬೆಳಗ್ಗೆ ನಿಗದಿತ ಸಮಯ, ಎಷ್ಟೋ ಊರುಗಳಲ್ಲಿ ಇರುವ ಹಾಗೆ ದಿನ ಬಿಟ್ಟು ದಿನ ರಸ್ತೆಯ ಒಂದೊಂದು ಬದಿ ನಿಲುಗಡೆ, ಬೈಕ್‌ಗಳಿಗೆ ಬಿಳಿ ಗೆರೆ ಎಳೆದ ಜಾಗ, ಮತ್ತು ಫುಟ್‌ಪಾತ್ ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು. ಈ ಕೊನೆಯದು ಆದರೆ ಚಪ್ಪಡಿ ಜಗಳ ಅರ್ಧಕ್ಕರ್ಧ ಕಡಿಮೆ ಆಗುತ್ತೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ, ಏನೂ ಅಡ್ಡ ಇಲ್ಲದೆ ನಡೆಯೋಕೆ ಬಿಡಬೇಕು. ನಮ್ಮ ಪೇಟೆ ಬೀದಿಯಲ್ಲಿ ಇರೋದೇ ಮೂರು ಅಡಿ ಚಪ್ಪಡಿ. ಅದರ ಮೇಲೆ ಒಂದು ಬೈಕ್ ನಿಂತರೆ ಕೋಲು ಊರಿಕೊಂಡು ಬರುವ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಶಾಲೆ ಮಕ್ಕಳು ಎಲ್ಲರೂ ಕೆಳಗಿಳಿದು ಬಸ್ಸು, ಟಿಪ್ಪರ್ ಓಡಾಡೋ ರಸ್ತೆಯಲ್ಲೇ ನಡೆಯಬೇಕು. ಅಡ್ಡಿಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ಅಂಗಡಿಗೆ ಬರೋ ಗಿರಾಕಿಗಳಲ್ಲಿ ನಡೆದುಕೊಂಡು ಬರೋರೂ ಇದ್ದಾರಲ್ಲ.

ಹಾಗಾಗಿ ಚಲನ್ ಕೈಗೆ ಬಂದಾಗ ಮೊದಲು ಫೋಟೊ ನೋಡಿ. ಚಕ್ರ ನಿಜವಾಗಿಯೂ ಚಪ್ಪಡಿ ಮೇಲಿದ್ದರೆ ಕಟ್ಟಿಬಿಡಿ, ಅದಕ್ಕೆ ಅಲೆದಾಡಿ ಪ್ರಯೋಜನ ಇಲ್ಲ. ಇರಲಿಲ್ಲ ಅಂದರೆ ಒಂದು ರೂಪಾಯಿಯನ್ನೂ ಕಟ್ಟುವ ಮುಂಚೆ ಅರ್ಜಿ ಬರೆದು, ಸ್ವೀಕೃತಿ ತೆಗೆದುಕೊಂಡು ಬನ್ನಿ.